‘ಬೋರ್ಡ್ ಹೋಗ್ಯಾದ್ರಿ’: ನೀರಿನ ಘಟಕ ನಿಂತಾಗ ನಿಜಕ್ಕೂ ಕೆಟ್ಟಿರುವುದು ಯಾವುದು?

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಊರೊಂದಕ್ಕೆ ಹೋದ ಬೇಸಿಗೆಯಲ್ಲಿ ಹೋಗಿದ್ದೆ. ಕುಡಿಯುವ ನೀರಿನ ಗುಣಮಟ್ಟದ ಬಗ್ಗೆ ಜನರಿಗೆ ಮಾಹಿತಿ ಹೇಗೆ ತಲುಪುತ್ತದೆ ಅನ್ನುವುದು ನನ್ನ ಅಧ್ಯಯನದ ವಿಷಯ. ಊರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೀಗ ಬಿದ್ದಿತ್ತು. ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ, ಘಟಕ ನೋಡಿಕೊಳ್ಳುವ ಹುಡುಗನನ್ನು ಕೇಳಿದರೆ ಒಂದೇ ಮಾತು: “ಬೋರ್ಡ್ ಹೋಗ್ಯಾದ್ರಿ ಮೇಡಂ. ಹೊಸಾದು ಬರಬೇಕು.”

ಹೊಸದು ಬರಲು ಹನ್ನೊಂದು ದಿನ ಹಿಡಿಯಿತು. ಬಂದ ಬೋರ್ಡು ಎರಡು ದಿನ ನಡೆದು, ಮೂರನೆಯ ದಿನ ಬೆಳಿಗ್ಗೆ ಅದೂ ಸುಟ್ಟುಹೋಯಿತು.

‘ಬೋರ್ಡ್ ಹೋಗಿದೆ’ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಬೇಕರಿಯ ಡೀಪ್ ಫ್ರೀಜರ್ ನಿಂತಾಗ, ಅಕ್ಕಿ ಗಿರಣಿಯ ಸಾರ್ಟೆಕ್ಸ್ ಯಂತ್ರ ನಿಂತಾಗ, ಹೋಟೆಲಿನ ದೊಡ್ಡ ಗ್ರೈಂಡರ್ ನಿಂತಾಗ ಬರುವ ಮೊದಲ ತೀರ್ಪು ಇದೇ. ಒಳಗೆ ಏನಿದೆಯೆಂದು ಕಾಣದ, ಬೆಲೆ ಜಾಸ್ತಿಯಿರುವ ವಸ್ತುವಿನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಆ ತೀರ್ಪು ಎಷ್ಟೋ ಸಲ ತಪ್ಪು. ಬೋರ್ಡು ನಿಜವಾಗಿ ಕೆಟ್ಟಿದ್ದರೂ ‘ಯಾಕೆ ಕೆಟ್ಟಿತು’ ಎಂದು ಕೇಳದೆ ಹೊಸದನ್ನು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಈ ಊರೇ ಸಾಕ್ಷಿ.

ಬೇಕರಿಯ ಫ್ರೀಜರ್ ನಿಂತರೆ ಐಸ್‌ಕ್ರೀಂ ಕರಗುತ್ತದೆ. ಇಲ್ಲಿ ನೀರಿನ ಘಟಕ ನಿಂತರೆ ಜನ ಕೊಡ ಹಿಡಿದು ಮತ್ತೆ ಹಳೆಯ ಕೊಳವೆಬಾವಿಗೆ ಹೋಗುತ್ತಾರೆ. ಯಾದಗಿರಿ ಜಿಲ್ಲೆಯ ಬಹುಭಾಗದ ನೆಲದಡಿಯಲ್ಲಿ ಇರುವುದು ಗ್ರಾನೈಟ್ ಮತ್ತು ಅದರ ಜಾತಿಯ ಹಳೆಯ ಗಟ್ಟಿ ಬಂಡೆ. ಅದರಲ್ಲಿರುವ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಅದಕ್ಕಿಂತ ಹೆಚ್ಚಿನದನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು ಬಹಳ ವರ್ಷ ಕುಡಿದರೆ ಮೂಳೆ, ಕೀಲುಗಳು ಬಿಗಿಯುತ್ತವೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಂತೂ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತ್ತು. ಆರ್ಸೆನಿಕ್‌ಗೆ ಮಾನಕ ಹಾಕಿರುವ ಗೆರೆ ಲೀಟರಿಗೆ ಬರೀ 0.01 ಮಿಲಿಗ್ರಾಂ.

“ಕುದಿಸಿ ಕುಡೀತೀವ್ರಿ, ಏನೂ ಆಗಂಗಿಲ್ಲ” ಎಂದು ಅಲ್ಲೊಬ್ಬ ಅಜ್ಜಿ ನನಗೆ ಸಮಾಧಾನ ಹೇಳಿದರು. ಕುದಿಸಿದರೆ ಸಾಯುವುದು ಕ್ರಿಮಿಗಳು. ಫ್ಲೋರೈಡಾಗಲಿ ಆರ್ಸೆನಿಕ್ ಆಗಲಿ ಆವಿಯಾಗಿ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅವುಗಳ ಪ್ರಮಾಣ ಹೆಚ್ಚುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಂದಲೂ ಗೊತ್ತಾಗುವುದಿಲ್ಲ. ಹಾಗಾಗಿ ಹನ್ನೊಂದು ದಿನದ ಬೀಗ ಸಣ್ಣ ವಿಷಯವಲ್ಲ.

ಬೋರ್ಡ್ ಮಾಡುವ ಕೆಲಸವೇನು?

ಆರ್‌ಒ ಘಟಕದಲ್ಲಿ ನೀರು ಮೊದಲು ಮರಳಿನ ಮತ್ತು ಇದ್ದಿಲಿನ ಫಿಲ್ಟರ್ ದಾಟಿ, ಸಣ್ಣ ಕಣ ಹಿಡಿಯುವ ಕಾರ್ಟ್ರಿಡ್ಜ್ ದಾಟಿ, ಹೆಚ್ಚು ಒತ್ತಡದ ಪಂಪಿಗೆ ಬರುತ್ತದೆ. ಆ ಪಂಪು ನೀರನ್ನು ಮೆಂಬ್ರೇನ್ ಎಂಬ ಪೊರೆಯ ಮೂಲಕ ಒತ್ತಿ ತಳ್ಳುತ್ತದೆ. ನೀರು ದಾಟುತ್ತದೆ, ಲವಣಗಳ ಬಹುಪಾಲು ಈಚೆಗೇ ಉಳಿದು ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ.

ಇದನ್ನೆಲ್ಲ ನಡೆಸುವುದು ಬೋರ್ಡು ಅನ್ನುವುದು ಅರ್ಧ ಸತ್ಯ. ಬೋರ್ಡು ಪಂಪನ್ನು ತಿರುಗಿಸುವುದಿಲ್ಲ. ಅದು ಕೇಳಿಸಿಕೊಳ್ಳುತ್ತದೆ, ಆಮೇಲೆ ಹೇಳುತ್ತದೆ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಫ್ಲೋಟ್ ಸ್ವಿಚ್ಚನ್ನೂ, ಪಂಪಿಗೆ ಸಾಕಷ್ಟು ನೀರು ಬರುತ್ತಿದೆಯೇ ಎಂದು ಲೋ ಪ್ರೆಶರ್ ಸ್ವಿಚ್ಚನ್ನೂ, ಒತ್ತಡ ಮಿತಿ ಮೀರಿಲ್ಲವಲ್ಲ ಎಂದು ಹೈ ಪ್ರೆಶರ್ ಸ್ವಿಚ್ಚನ್ನೂ ಕೇಳುತ್ತದೆ. ಎಲ್ಲರೂ ಹೂಂ ಅಂದರೆ ಒಂದು ಸಣ್ಣ ರಿಲೇಗೆ ಕರೆಂಟ್ ಕೊಡುತ್ತದೆ. ಆ ರಿಲೇ ದೊಡ್ಡ ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಕಾಂಟ್ಯಾಕ್ಟರ್ ಮೋಟಾರಿಗೆ ಕರೆಂಟ್ ಹರಿಸುತ್ತದೆ.

ಕಾರ್ಟ್ರಿಡ್ಜ್ ಕೆಸರಿನಿಂದ ಕಟ್ಟಿಕೊಂಡಿದೆ ಎಂದಿಟ್ಟುಕೊಳ್ಳಿ. ಪಂಪಿನ ಬಾಯಿಗೆ ನೀರು ಸರಿಯಾಗಿ ಬರುತ್ತಿಲ್ಲ. ಲೋ ಪ್ರೆಶರ್ ಸ್ವಿಚ್ ‘ಬೇಡ’ ಅನ್ನುತ್ತದೆ, ಬೋರ್ಡು ಪಂಪನ್ನು ಶುರು ಮಾಡುವುದಿಲ್ಲ. ಹೊರಗೆ ನಿಂತವರಿಗೆ ಕಾಣುವುದು ಇಷ್ಟೇ: ಕರೆಂಟ್ ಇದೆ, ದೀಪ ಉರಿಯುತ್ತಿದೆ, ಯಂತ್ರ ನಡೆಯುತ್ತಿಲ್ಲ. “ಬೋರ್ಡ್ ಹೋಗ್ಯಾದ.” ವಾಸ್ತವದಲ್ಲಿ ಆ ಬೋರ್ಡು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ.

ಆದ್ದರಿಂದ ಪರೀಕ್ಷೆ ಹೊರಗಿನಿಂದ ಒಳಗೆ ಬರಬೇಕು. ಮೊದಲು ನೀರು, ಆಮೇಲೆ ಕರೆಂಟ್, ಆಮೇಲೆ ಬೋರ್ಡಿಗೆ ಸುದ್ದಿ ಕೊಡುವ ಸ್ವಿಚ್ಚುಗಳು, ಆಮೇಲೆ ಬೋರ್ಡಿನ ಮಾತು ಕೇಳುವ ರಿಲೇ, ಕಾಂಟ್ಯಾಕ್ಟರ್, ಮೋಟಾರ್, ವಾಲ್ವ್. ಇವೆಲ್ಲ ಸರಿಯಿದ್ದರೆ ಮಾತ್ರ ಬೋರ್ಡಿನ ಮೇಲೆ ಅನುಮಾನ. ಬೋರ್ಡಿನ ಮೇಲಿರುವ ಪುಟ್ಟ ಎಲ್‌ಇಡಿ ದೀಪಗಳೇ ಅರ್ಧ ಉತ್ತರ ಹೇಳುತ್ತವೆ. ಯಾವ ದೀಪಕ್ಕೆ ಏನರ್ಥ ಎಂಬ ಚೀಟಿ ಪ್ಯಾನಲ್ ಬಾಗಿಲಿನ ಒಳಗೆ ಅಂಟಿರುತ್ತದೆ. ನಾನು ನೋಡಿದ ಘಟಕದಲ್ಲಿ ಆ ಚೀಟಿಯ ಮೇಲೆ ದೇವರ ಪಟ ಅಂಟಿಸಿದ್ದರು.

ಟೆಸ್ಟರ್ ಉರಿದರೆ ಕರೆಂಟ್ ಸರಿಯಿದೆ ಎಂದರ್ಥವೇ?

ಅಲ್ಲ. ಮನೆಮನೆಯಲ್ಲೂ ಇರುವ ತಪ್ಪು ತಿಳಿವಳಿಕೆಗಳಲ್ಲಿ ಇದೂ ಒಂದು.

ಟೆಸ್ಟರಿನ ಒಳಗಿನ ನಿಯಾನ್ ದೀಪ ಹೇಳುವುದು ಒಂದೇ ಸಂಗತಿ: ಮುಟ್ಟಿದ ಜಾಗದಲ್ಲಿ ಫೇಸ್ ಇದೆ. ವೋಲ್ಟೇಜ್ ಎಷ್ಟು, ಮರಳಿ ಹೋಗುವ ನ್ಯೂಟ್ರಲ್ ದಾರಿ ಗಟ್ಟಿಯಾಗಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ನ್ಯೂಟ್ರಲ್ ತಂತಿ ಎಲ್ಲೋ ತುಂಡಾಗಿದ್ದರೆ ಫೇಸ್ ಯಂತ್ರದ ಮೂಲಕವೇ ಹಾದು ನ್ಯೂಟ್ರಲ್ ತುದಿಗೂ ಬಂದು ನಿಲ್ಲುತ್ತದೆ. ಆಗ ಟೆಸ್ಟರ್ ಎರಡೂ ಕಡೆ ಉರಿಯುತ್ತದೆ, ಯಂತ್ರ ಮಾತ್ರ ನಡೆಯುವುದಿಲ್ಲ. ‘ಎರಡೂ ಕಡೆ ಕರೆಂಟ್ ಬರ್ತಿದೆ, ಜಾಸ್ತಿ ಪವರ್ ಇದೆ’ ಎಂದು ಅದನ್ನು ಅರ್ಥಮಾಡಿಕೊಂಡವರನ್ನೂ ಕಂಡಿದ್ದೇನೆ.

ನ್ಯೂಟ್ರಲ್ ಪೂರ್ತಿ ತುಂಡಾಗದೆ ಸಡಿಲವಾಗಿದ್ದರೆ ಇನ್ನೂ ಅಪಾಯ. ಮೂರು ಫೇಸಿನ ಸರಬರಾಜಿನಲ್ಲಿ ಎರಡು ಫೇಸುಗಳ ನಡುವೆ 415 ವೋಲ್ಟ್ ಇರುತ್ತದೆ, ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230. ಈ 230ನ್ನು ಅಲುಗದಂತೆ ಹಿಡಿದಿಡುವುದೇ ನ್ಯೂಟ್ರಲ್. ಅದು ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಕುಸಿದು, ಇನ್ನೊಂದರಲ್ಲಿ 300, 350ಕ್ಕೆ ಏರಬಹುದು. ಬಲ್ಬು ಒಮ್ಮೆ ಮಂಕಾಗಿ ಒಮ್ಮೆ ಪ್ರಖರವಾಗಿ ಉರಿಯುತ್ತಿದ್ದರೆ ಅದೇ ಮುನ್ಸೂಚನೆ. ಇಂಥ ಲೈನಿಗೆ ಎಷ್ಟು ಹೊಸ ಬೋರ್ಡು ಹಾಕಿದರೂ ಉಳಿಯುವುದಿಲ್ಲ.

ಮೀಟರ್ ಹಿಡಿದು ಅಳೆದರೆ ಸಾಕೇ? ಅದೂ ಮೋಸ ಮಾಡುತ್ತದೆ. ಡಿಜಿಟಲ್ ಮೀಟರ್ ಅಳೆಯುವಾಗ ಎಳೆದುಕೊಳ್ಳುವ ಕರೆಂಟ್ ಎಷ್ಟು ಕಡಿಮೆಯೆಂದರೆ, ಸುಟ್ಟು ಕರಿಯಾದ ಜಾಯಿಂಟಿನ ಆಚೆಗೂ ಪೂರ್ತಿ 230 ತೋರಿಸಿಬಿಡುತ್ತದೆ. ಮೋಟಾರ್ ಶುರುವಾಗಲು ಹೊರಟ ಕ್ಷಣ ಆ ಜಾಯಿಂಟ್ ಕೈಕೊಡುತ್ತದೆ. ಅದಕ್ಕೇ ಅನುಭವಿ ಮೆಕ್ಯಾನಿಕ್‌ಗಳ ಚೀಲದಲ್ಲಿ ಹಳೆಯ ಕಾಲದ 100 ವ್ಯಾಟಿನ ಬಲ್ಬ್ ಇರುತ್ತದೆ. ಮೀಟರ್ 230 ತೋರಿಸಿ, ಬಲ್ಬ್ ಹಾಕಿದೊಡನೆ ಅದು ಬಿದ್ದರೆ ದೋಷ ತಂತಿಯಲ್ಲಿದೆ, ಬೋರ್ಡಿನಲ್ಲಲ್ಲ. ಲೋಡ್ ಇಟ್ಟು ಅಳೆಯಬೇಕು ಎಂಬ ಈ ಒಂದೇ ನಿಯಮ ತಪ್ಪು ತೀರ್ಪುಗಳಲ್ಲಿ ಬಹಳಷ್ಟನ್ನು ತಪ್ಪಿಸುತ್ತದೆ.

ಸ್ವಿಚ್ಚುಗಳನ್ನು ಪರೀಕ್ಷಿಸುವುದು ಸುಲಭ. ಕರೆಂಟ್ ತೆಗೆದು, ಫ್ಲೋಟನ್ನು ಕೈಯಿಂದ ಎತ್ತಿ ಇಳಿಸಿದಾಗ ಮೀಟರಿನ ಬೀಪ್ ಬಂದು ಹೋಗಬೇಕು. ಬರದಿದ್ದರೆ ಕೆಲವು ನೂರು ರೂಪಾಯಿಯ ಸ್ವಿಚ್ ಬದಲಿಸಿದರಾಯಿತು.

ಬೋರ್ಡ್ ನಿಜವಾಗಿಯೂ ಕೆಟ್ಟಿದ್ದರೆ

ಬೋರ್ಡುಗಳೂ ಸಾಯುತ್ತವೆ, ಅದರಲ್ಲೂ ಯಾದಗಿರಿಯ ಬಿಸಿಲಿಗೆ. ಬೋರ್ಡಿನ ಮೇಲೆ ಸಣ್ಣ ಡಬ್ಬಿಗಳಂತೆ ನಿಂತಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಒಳಗೆ ದ್ರವವಿರುತ್ತದೆ. ಶಾಖಕ್ಕೆ ಅದು ನಿಧಾನವಾಗಿ ಆರುತ್ತದೆ. ತಂತ್ರಜ್ಞರು ಬಳಸುವ ಒಂದು ಅಂದಾಜಿದೆ: ಶಾಖ 10 ಡಿಗ್ರಿ ಕಡಿಮೆಯಾದರೆ ಕೆಪಾಸಿಟರಿನ ಆಯುಷ್ಯ ಇಮ್ಮಡಿ. ‘105 ಡಿಗ್ರಿ, 2000 ಗಂಟೆ’ ಎಂದು ಬರೆದಿರುವ ಕೆಪಾಸಿಟರ್ ತೆಗೆದುಕೊಳ್ಳಿ. ಅದು 65 ಡಿಗ್ರಿಯಲ್ಲಿದ್ದರೆ ನಾಲ್ಕು ಸಲ ಇಮ್ಮಡಿಯಾಗಿ 32,000 ಗಂಟೆ, ಅಂದರೆ ಹಗಲು ರಾತ್ರಿ ನಡೆದರೆ ಮೂರೂವರೆ ವರ್ಷದ ಮೇಲೆ ಸ್ವಲ್ಪ. ಅದೇ 75 ಡಿಗ್ರಿಯಾದರೆ ಎರಡು ವರ್ಷವೂ ಪೂರ್ತಿ ಬರುವುದಿಲ್ಲ. ಹೊರಗೆ 42 ಡಿಗ್ರಿ ಇರುವ ಮೇ ತಿಂಗಳಲ್ಲಿ, ತಗಡಿನ ಸೂರಿನ ಕೆಳಗೆ, ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಯೊಳಗೆ ಎಷ್ಟಿರಬಹುದು ಎಂದು ನೀವೇ ಊಹಿಸಿ. ಪ್ಯಾನಲ್ಲಿಗೆ ನೆರಳು ಮಾಡಿಕೊಟ್ಟರೆ ಬೋರ್ಡಿನ ಆಯುಷ್ಯ ಹೆಚ್ಚುತ್ತದೆ ಅನ್ನುವುದರ ಹಿಂದೆ ಈ ಲೆಕ್ಕವಿದೆ.

ಇಂಥ ಬೋರ್ಡು ಒಮ್ಮೆಗೇ ಸಾಯುವುದಿಲ್ಲ. ಡಬ್ಬಿಯ ಚಪ್ಪಟೆ ತಲೆ ಉಬ್ಬುತ್ತದೆ. ಸುಮ್ಮನಿದ್ದಾಗ ಅಳೆದರೆ 12 ವೋಲ್ಟ್ ಸರಿಯಾಗಿಯೇ ಇರುತ್ತದೆ. ರಿಲೇ ಎಳೆಯಲು ಹೋದಾಗ ಅದು ಎಂಟಕ್ಕೋ ಏಳಕ್ಕೋ ಕುಸಿಯುತ್ತದೆ, ರಿಲೇ ಬಿಟ್ಟುಬಿಡುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ರಿಲೇ ಮತ್ತೆ ಎಳೆಯುತ್ತದೆ. ಪೆಟ್ಟಿಗೆಯೊಳಗಿಂದ ಕಟಕಟ ಸದ್ದು ಕೇಳಿಸುವುದು ಇದಕ್ಕೇ. ಕೆಪಾಸಿಟರ್ ಬದಲಿಸಿದರೆ ಅದೇ ಬೋರ್ಡು ಮತ್ತೆ ನಡೆಯುತ್ತದೆ.

ರಿಲೇಯ ಒಳಗಿನ ಸಂಪರ್ಕಬಿಂದುಗಳು ಕಿಡಿಯಿಂದ ಸುಟ್ಟರೆ ಟಕ್ ಎಂಬ ಸದ್ದು ಬರುತ್ತದೆ, ಆಚೆಗೆ ಕರೆಂಟ್ ಹೋಗುವುದಿಲ್ಲ. ಅವು ಅಂಟಿಕೊಂಡರೆ ತದ್ವಿರುದ್ಧ: ಟ್ಯಾಂಕ್ ತುಂಬಿ ಹೊರಚೆಲ್ಲಿದರೂ ಪಂಪ್ ನಿಲ್ಲುವುದಿಲ್ಲ. ಸಿಡಿಲಿಗೆ ಮೊದಲು ಬಲಿಯಾಗುವುದು ಬೋರ್ಡಿನ ಬಾಗಿಲಲ್ಲಿ ಕೂತಿರುವ ಬಿಲ್ಲೆಯಂಥ ವೇರಿಸ್ಟರ್. ಅದು ತಾನು ಸೀಳಿ, ಫ್ಯೂಸ್ ಹಾರಿಸಿ, ಒಳಗಿನದನ್ನು ಉಳಿಸಲು ನೋಡುತ್ತದೆ. ಇನ್ನು ಹಲ್ಲಿ ಮತ್ತು ಇರುವೆ. ನಗಬೇಡಿ. ಬೆಚ್ಚಗಿರುವ ಕತ್ತಲ ಪೆಟ್ಟಿಗೆ ಅವುಗಳಿಗೆ ಒಳ್ಳೆಯ ಮನೆ. ಕಾಂಟ್ಯಾಕ್ಟರಿನ ಎರಡು ತುದಿಗಳ ನಡುವೆ ಸಿಕ್ಕಿ ಸುಟ್ಟ ಹಲ್ಲಿಯ ಕರಿಗೆರೆ ಆಮೇಲೂ ಕರೆಂಟ್ ಹರಿಯಲು ದಾರಿಯಾಗಿ ಉಳಿಯುತ್ತದೆ. ಕೇಬಲ್ ಬರುವ ತೂತುಗಳನ್ನು ಮುಚ್ಚುವ ರಬ್ಬರ್ ಬಿರಡೆಗೆ ಹತ್ತಿಪ್ಪತ್ತು ರೂಪಾಯಿ.

‘ಒಮ್ಮೆ ಆಫ್ ಮಾಡಿ ಆನ್ ಮಾಡಿ’ ಎಂಬ ಸಲಹೆ ಮೂಢನಂಬಿಕೆಯೇ? ಪೂರ್ತಿ ಅಲ್ಲ. ವೋಲ್ಟೇಜ್ ಕ್ಷಣಕಾಲ ಕುಸಿದಾಗ ಬೋರ್ಡಿನ ಮೈಕ್ರೋಕಂಟ್ರೋಲರ್ ತನ್ನ ಕಾರ್ಯಕ್ರಮದ ನಡುವೆ ದಾರಿ ತಪ್ಪಿ ನಿಂತುಬಿಡಬಹುದು. ಪೂರ್ತಿ ಆಫ್ ಮಾಡಿ ಒಂದೆರಡು ನಿಮಿಷ ಬಿಟ್ಟರೆ ಮೊದಲಿನಿಂದ ಶುರು ಮಾಡುತ್ತದೆ. ಆದರೆ ದಿನಕ್ಕೆ ಮೂರು ಸಲ ಹಾಗೆ ಮಾಡಬೇಕಾಗಿ ಬಂದರೆ ಅದು ಪರಿಹಾರವಲ್ಲ, ಸರಬರಾಜನ್ನು ಅಳೆದು ನೋಡಿ ಎಂಬ ಸೂಚನೆ.

ಎರಡನೆಯ ಬೋರ್ಡು ಸುಟ್ಟ ದಿನ

ಶಹಾಪುರದಿಂದ ಬಂದ ಮೆಕ್ಯಾನಿಕ್ ಐವತ್ತು ದಾಟಿದವರು. ಬಂದವರೇ ಬೋರ್ಡು ಬಿಚ್ಚಲಿಲ್ಲ. “ಮೊದ್ಲು ಸುಟ್ಟಿದ್ ಬೋರ್ಡ್ ಎಲ್ಲದ? ಅದನ್ನ ತೋರ್ಸು” ಅಂದರು. ಎರಡನ್ನೂ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಸುಟ್ಟಿದ್ದು ಒಂದೇ ಜಾಗ, ಒಂದೇ ಟ್ರಾನ್ಸಿಸ್ಟರ್.

ಸಿಡಿಲೋ ಹೆಚ್ಚು ವೋಲ್ಟೇಜೋ ಆಗಿದ್ದರೆ ಹಾನಿ ಕರೆಂಟ್ ಒಳಬರುವ ಬದಿಯಲ್ಲಿ ಇರಬೇಕಿತ್ತು. ಇಲ್ಲಿ ಸುಟ್ಟಿದ್ದು ಹೊರಹೋಗುವ ಬದಿಯಲ್ಲಿ, ಅದೂ ಒಂದೇ ಒಂದು ಸಾಲಿನಲ್ಲಿ. ಆ ಸಾಲಿನ ತಂತಿಯನ್ನು ಬೆರಳಿನಿಂದ ಹಿಡಿದುಕೊಂಡೇ ಹೋದರು. ಅದು ಮೆಂಬ್ರೇನನ್ನು ಆಗಾಗ ತೊಳೆಯುವ ಸೊಲೆನಾಯ್ಡ್ ವಾಲ್ವಿಗೆ ಹೋಗಿತ್ತು. ವಾಲ್ವಿನ ಮೇಲೆ ಪೈಪಿನ ಜಾಯಿಂಟಿನಿಂದ ಹನಿ ಹನಿ ನೀರು ಬಿದ್ದು ಬಿಳಿ ಉಪ್ಪು ಕಟ್ಟಿತ್ತು.

ಪಕ್ಕದಲ್ಲೇ ಅದೇ ಜಾತಿಯ ಇನ್ನೊಂದು ವಾಲ್ವ್ ಇತ್ತು. ಎರಡರ ಸುರುಳಿಗಳನ್ನೂ ಅಳೆದರು. ಒಳ್ಳೆಯದು 32 ಓಮ್, ಇದು 7. ಒದ್ದೆಯಾದ ಸುರುಳಿಯ ಒಳಗಿನ ಸುತ್ತುಗಳ ಹೊದಿಕೆ ಹೋಗಿ, ತಂತಿ ತಂತಿಗೆ ತಾಗಿ, ಕರೆಂಟಿಗೆ ಅಡ್ಡದಾರಿ ಸಿಕ್ಕಿತ್ತು. 24 ವೋಲ್ಟನ್ನು 32ರಿಂದ ಭಾಗಿಸಿದರೆ ಮುಕ್ಕಾಲು ಆಂಪಿಯರ್, 7ರಿಂದ ಭಾಗಿಸಿದರೆ ಸುಮಾರು 3.4 ಆಂಪಿಯರ್. ಶಾಲೆಯಲ್ಲಿ ಕಲಿತ ಓಮನ ನಿಯಮ ಅಷ್ಟೇ. ತೊಳೆಯುವ ವಾಲ್ವ್ ತೆರೆದಾಗಲೆಲ್ಲ ಟ್ರಾನ್ಸಿಸ್ಟರ್ ತನ್ನ ಶಕ್ತಿಗೆ ನಾಲ್ಕು ಪಟ್ಟು ಮೀರಿ ಹೊತ್ತು, ಎರಡು ದಿನ ತಾಳಿ, ಸುಟ್ಟಿತು. ಮೊದಲನೆಯದೂ ಹಾಗೇ ಸತ್ತಿರಬೇಕು. ಅದನ್ನು ತೆಗೆದು ಹೊಸದನ್ನು ಕೂರಿಸಿಹೋದವರು ಆ ಎರಡು ನಿಮಿಷದ ಅಳತೆ ಮಾಡಿದ್ದರೆ ಒಂದು ಬೋರ್ಡಿನ ದುಡ್ಡು ಉಳಿಯುತ್ತಿತ್ತು. ಊರಿಗೆ ನೀರೂ ನಿಲ್ಲುತ್ತಿರಲಿಲ್ಲ.

ಫ್ಯೂಸಿನ ಕಥೆಯೂ ಇದೇ. ಫ್ಯೂಸ್ ಹಾರಿತೆಂದರೆ ಎಲ್ಲೋ ಹೆಚ್ಚು ಕರೆಂಟ್ ಹರಿದಿದೆ. ಅದರ ಜಾಗಕ್ಕೆ ತಂತಿಯ ಎಳೆ ಸುತ್ತಿದರೆ ಮುಂದಿನ ಸಲ ಫ್ಯೂಸಿನ ಬದಲು ಬೋರ್ಡಿನ ತಾಮ್ರದ ದಾರಿಯೇ ಸುಡುತ್ತದೆ. ಹಾರಿದ ಫ್ಯೂಸಿನ ಬೋರ್ಡನ್ನು ನೇರವಾಗಿ ಲೈನಿಗೆ ಹಾಕದೆ, ನಡುವೆ ಬಲ್ಬ್ ಇಟ್ಟು ಸೀರೀಸಿನಲ್ಲಿ ಹಾಕುವುದು ನಮ್ಮ ಮೆಕ್ಯಾನಿಕ್‌ಗಳ ಹಳೆಯ, ಸರಿಯಾದ ಉಪಾಯ. ಬಲ್ಬ್ ಪೂರ್ತಿ ಉರಿದು ಹಾಗೇ ನಿಂತರೆ ಒಳಗೆ ಶಾರ್ಟ್ ಇದೆ. ಒಮ್ಮೆ ಮಿನುಗಿ ಮಂಕಾದರೆ ಬೋರ್ಡು ಬಹುಶಃ ಬದುಕಿದೆ.

‘ಡೈರೆಕ್ಟ್’ ಕೊಟ್ಟರೆ ಏನು ತೊಂದರೆ?

ಬೋರ್ಡು ಬರುವವರೆಗೆ ಎಂದು ಪ್ರೆಶರ್ ಸ್ವಿಚ್ಚಿನ ಎರಡು ತಂತಿಗಳನ್ನು ಕೂಡಿಸಿ ‘ಡೈರೆಕ್ಟ್’ ಮಾಡುವುದು ಎಲ್ಲ ಕಡೆ ಇದೆ. ಯಂತ್ರ ಓಡುತ್ತದೆ, ಎಲ್ಲರಿಗೂ ಖುಷಿ. ನೀರಿಲ್ಲದೆ ಒಣಗಿ ತಿರುಗಿದ ಪಂಪಿನ ಸೀಲ್ ಸುಡುವುದು ಆಮೇಲಿನ ಮಾತು.

ಅದಕ್ಕಿಂತ ಕೆಟ್ಟದ್ದು ನೀರನ್ನೇ ಡೈರೆಕ್ಟ್ ಮಾಡುವುದು. ಎಷ್ಟೋ ಘಟಕಗಳಲ್ಲಿ ದುರಸ್ತಿಗೆಂದು ಒಂದು ಬೈಪಾಸ್ ವಾಲ್ವ್ ಇರುತ್ತದೆ. ಅದನ್ನು ತೆರೆದರೆ ಕೊಳವೆಬಾವಿಯ ನೀರು ಮೆಂಬ್ರೇನ್ ದಾಟದೆ ಶುದ್ಧ ನೀರಿನ ಟ್ಯಾಂಕಿಗೆ ಬೀಳುತ್ತದೆ. ನಲ್ಲಿ ಅದೇ, ಐದು ರೂಪಾಯಿಯೂ ಅದೇ, ಗೋಡೆಯ ಮೇಲೆ ‘ಶುದ್ಧ ಕುಡಿಯುವ ನೀರು’ ಎಂಬ ಬರಹವೂ ಅದೇ. ಕೊಳವೆಬಾವಿಯಿಂದ ತರುವವರಿಗೆ ತಾವು ಏನು ಕುಡಿಯುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.

ಕಂಡುಹಿಡಿಯುವುದು ಹೇಗೆ? ಸಣ್ಣ ಟಿಡಿಎಸ್ ಮೀಟರ್ ಫ್ಲೋರೈಡನ್ನು ಬೇರೆಯಾಗಿ ಅಳೆಯುವುದಿಲ್ಲ. ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೇ. ‘ಟಿಡಿಎಸ್ ಕಡಿಮೆ ಇದೆ, ಆದ್ದರಿಂದ ನೀರು ಸುರಕ್ಷಿತ’ ಎಂದು ಹೇಳಲು ಬರುವುದಿಲ್ಲ. ಆದರೆ ಒಂದೇ ಘಟಕದ ನೀರನ್ನು ದಿನಾ ಅಳೆದು ಗೋಡೆಯ ಮೇಲೆ ಬರೆದಿಟ್ಟರೆ, ನಿನ್ನೆ 80 ಇದ್ದದ್ದು ಇಂದು 700 ಆದಾಗ ಮೆಂಬ್ರೇನ್ ಹರಿದಿದೆ ಅಥವಾ ಬೈಪಾಸ್ ತೆರೆದಿದೆ ಎಂದು ಯಾರಿಗಾದರೂ ತಿಳಿಯುತ್ತದೆ. ಘಟಕ ನಿಂತಿರುವ ದಿನಗಳಲ್ಲಿ ನದಿ ಮೂಲದ ಸರಬರಾಜು ನೀರೋ ಸಂಗ್ರಹಿಸಿದ ಮಳೆನೀರೋ ಸಿಗುವುದಾದರೆ ಅದನ್ನು ಸೋಸಿ ಕುದಿಸಿ ಕುಡಿಯಬಹುದು. ಅಲ್ಲಿ ಭಯ ಕ್ರಿಮಿಗಳದ್ದು, ಅದಕ್ಕೆ ಕುದಿಸುವುದೇ ಮದ್ದು.

ಹೊಸ ಬೋರ್ಡ್ ಕೂರಿಸುವಾಗ

ಇದು ತರಬೇತಿ ಇರುವವರ ಕೆಲಸ. ಪಕ್ಕದಲ್ಲಿ ನಿಂತು ನೋಡುವವರಿಗೂ ಕೆಲವು ಸಂಗತಿ ಗೊತ್ತಿದ್ದರೆ ಒಳ್ಳೆಯದು. ಎಂಸಿಬಿ ಇಳಿಸಿ, ಬೇರೆ ಯಾರೂ ಏರಿಸದಂತೆ ಚೀಟಿ ಕಟ್ಟಿ, ಮೀಟರಿನಿಂದ ಕರೆಂಟ್ ಇಲ್ಲವೆಂದು ನೋಡಿಯೇ ಕೈ ಹಾಕಬೇಕು. ಆಫ್ ಮಾಡಿದ ಮೇಲೂ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ಕೆಲಹೊತ್ತು ಉಳಿದಿರಬಹುದು. 230 ವೋಲ್ಟ್ ಎಸಿಯ ಅಲೆಯ ತುದಿ ಮುಟ್ಟುವುದು ಅಲ್ಲಿಗೇ. ತಂತಿ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದು ಪ್ರತಿ ತಂತಿಗೂ ಟೇಪಿನ ಮೇಲೆ ಸಂಖ್ಯೆ ಬರೆಯಬೇಕು. ಬಣ್ಣ ನಂಬಿ ಕೂರುವಂತಿಲ್ಲ, ದುರಸ್ತಿ ಮಾಡಿದವರು ಕೈಗೆ ಸಿಕ್ಕ ಬಣ್ಣದ ತಂತಿ ಹಾಕಿರುತ್ತಾರೆ. ಬೋರ್ಡಿನ ಗಾತ್ರ ಒಂದೇ ಇದ್ದ ಮಾತ್ರಕ್ಕೆ ಬೋರ್ಡು ಒಂದೇ ಅಲ್ಲ. ಮಾದರಿ ಸಂಖ್ಯೆ, 12 ವೋಲ್ಟೋ 24 ವೋಲ್ಟೋ, ಸಣ್ಣ ಸ್ವಿಚ್ಚುಗಳ ಸ್ಥಾನ, ಪಂಪ್ ತಡವಾಗಿ ಶುರುವಾಗುವ ಸಮಯದ ಹೊಂದಿಕೆ, ಇವೆಲ್ಲ ಹಳೆಯದಕ್ಕೆ ಹೊಂದಬೇಕು. ಮೂರು ಫೇಸಿನ ಮೋಟಾರಿನ ತಂತಿಗಳನ್ನೂ ಬಿಚ್ಚಿದ್ದರೆ ಅದು ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ ಎಂದು ನೋಡಬೇಕು. ಅರ್ಥಿಂಗ್ ಒಣಗಿದ್ದರೆ ಸಿಡಿಲು ತಡೆಯಲೆಂದು ಹಾಕುವ ಸಾಧನ ಹೆಸರಿಗಷ್ಟೇ.

ಆ ಊರಿನಲ್ಲಿ ಮೆಕ್ಯಾನಿಕ್ ಮೊದಲು ಹನಿಯುತ್ತಿದ್ದ ಜಾಯಿಂಟ್ ಬಿಗಿ ಮಾಡಿದರು, ಆಮೇಲೆ ವಾಲ್ವಿನ ಸುರುಳಿ ಬದಲಿಸಿದರು. ಸುಟ್ಟ ಎರಡೂ ಬೋರ್ಡುಗಳ ಟ್ರಾನ್ಸಿಸ್ಟರ್ ತೆಗೆದು ಹೊಸದನ್ನು ಬೆಸೆದು, ಒಂದೊಂದಾಗಿ ಬಲ್ಬಿನ ಸೀರೀಸಿನಲ್ಲಿ ಪರೀಕ್ಷಿಸಿದರು. ಎರಡೂ ನಡೆದವು. ಒಂದನ್ನು ಕೂರಿಸಿ, ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ದಿನಾಂಕ ಬರೆದು ಆಪರೇಟರ್ ಹುಡುಗನ ಕೈಗೆ ಕೊಟ್ಟರು. ಪಂಪ್ ಶುರುವಾದ ಮೇಲೆ ಮೊದಲ ಅರ್ಧ ಗಂಟೆಯ ನೀರನ್ನು ಚರಂಡಿಗೆ ಬಿಡಿಸಿದರು. ಹೊರಗೆ ಕ್ಯಾನುಗಳ ಸಾಲು ಆಗಲೇ ಅಂಗಡಿಯ ಕಟ್ಟೆಯವರೆಗೆ ಬಂದಿತ್ತು. ನೀರು ಚೆಲ್ಲುವುದನ್ನು ಕಂಡು ಬೈದವರಿಗೆ ಅವರು ಉತ್ತರ ಕೊಡಲಿಲ್ಲ. ಟಿಡಿಎಸ್ ಮೀಟರಿನ ಅಂಕಿ ಇಳಿದು ನಿಲ್ಲುವವರೆಗೆ ಕಾದು, ಆ ಅಂಕಿಯನ್ನು ಸೀಮೆಸುಣ್ಣದಲ್ಲಿ ಪ್ಯಾನಲ್ ಬಾಗಿಲಿನ ಮೇಲೆ ಬರೆದು, ಆಮೇಲೆ ನಲ್ಲಿ ತೆರೆದರು.